ಕಲೆ ಇಲ್ಲದ ಪಾತ್ರೆಯ ಅಂಗಡಿ

ಇಳಕಲ್ಲಿನಲ್ಲಿ ಸೀರೆ ಮಾರುವವರ ತಲೆನೋವು ಬಣ್ಣದ್ದು, ಸ್ಟೀಲ್ ಮಾರುವ ನನ್ನದು ನಂಬರಿನದು. ನಂಬರ್ ಅಂದರೆ ಮುನ್ನೂರಾ ನಾಲ್ಕು. ನಿಕ್ಕಲ್ಲು, ಕ್ರೋಮಿಯಂ ಸರಿಯಾಗಿ ಬೆರೆಸಿದ ಸ್ಟೀಲಿಗೆ ಆ ಹೆಸರು. ಹುಣಸೆಹುಳಿಯ ಸಾರು ಕುದಿಸಿ, ಹುಳಿ ಮಜ್ಜಿಗೆ ತುಂಬಿಡಿ, ಬೇಸರ ಮಾಡಿಕೊಳ್ಳುವುದಿಲ್ಲ. ಎರಡುನೂರಾ ಎರಡು ಎಂಬ ಅದರ ಅಗ್ಗದ ತಮ್ಮನೂ ಥೇಟ್ ಹಾಗೇ ಹೊಳೆಯುತ್ತಾನೆ, ಆಮೇಲೆ ತುಕ್ಕು, ನಮ್ಮ ಮಾತಿನಲ್ಲಿ ಜಂಗು, ಹಿಡಿಯುತ್ತಾನೆ. ನೋಡಿದರೆ ಗೊತ್ತಾಗದ ಮಾಲು, ಹಾಗಾಗಿ ಗಿರಾಕಿಗೆ ನನ್ನ ಮಾತೇ ಆಧಾರ. ಆ ಮಾತು ಹೋದರೆ ಅಂಗಡಿಯೂ ಹೋದಂತೆ. ಆದರೆ ಅದು ಹೋಗುವ ಪ್ರಸಂಗಗಳು ಮಾತ್ರ ನನ್ನನ್ನು ಹುಡುಕಿಕೊಂಡೇ ಬರುತ್ತವೆ.

ಬೋರ್ಡು

ಬೋರ್ಡು ಕನ್ನಡದಲ್ಲಿರಲಿ ಎಂದು ಗುಳೇದಗುಡ್ಡದ ಪೇಂಟರ್‌ಗೆ ಹೇಳಿದೆ. ಅವನು ‘ಸ್ಟೇನ್‌ಲೆಸ್’ ಅನ್ನುವುದಕ್ಕೆ ಶಬ್ದಕ್ಕೆ ಶಬ್ದ ಹಚ್ಚಿ ‘ಕಲೆ ಇಲ್ಲದ ಪಾತ್ರೆಗಳು’ ಎಂದು ಚಂದಾಗಿ ಬರೆದ. ನನಗೂ ಭಾಳ ಹಿಡಿಸಿತು. ಮೊದಲ ದಿನವೇ ಬಾದಾಮಿಯ ಗೈಡ್ ಒಬ್ಬರು ಬಂದು, ಒಳಗೆ ಕಾಲಿಡದೆ ಬೋರ್ಡನ್ನೇ ನೋಡುತ್ತ ನಿಂತರು.

“ಒಳಗ ಬರ್ರಿ, ಯಾಕ ನಿಂತ್ರಿ?” ಅಂದೆ.

“ಅಣ್ಣಾರ, ನಮ್ಮೂರಾಗ ಕಲ್ಲಿಗೂ ಕಲೆ ಐತಿ. ನಿಮ್ಮ ಸ್ಟೀಲಿಗೆ ಏನ್ ಧಾಡಿ ಆಗೈತ್ರಿ?”

ಬಸ್ಸು

ಹುನಗುಂದದ ಬಸ್ಸಿನಲ್ಲಿದ್ದೆ. ಕೂಡಲಸಂಗಮದ ಖಾನಾವಳಿಯೊಂದರಲ್ಲಿ ಸಿಂಕ್ ಕೂಡಿಸುತ್ತಿದ್ದ ಮಿಸ್ತ್ರಿಯ ಫೋನು ಬಂತು. ಬಸ್ಸಿನ ಸದ್ದಿಗೆ ನಾನೂ ದನಿ ಏರಿಸಿದೆ.

“ಏನೂ ವಿಚಾರ ಮಾಡಬ್ಯಾಡಲೇ, ಖಾನಾವಳಿಯವ್ರಿಗೆ ಸೀದಾ ಮುನ್ನೂರಾ ನಾಲ್ಕು ಹಾಕು! ಎರಡನೂರಾ ಎರಡು ಹಾಕಿದ್ರ ಆರ್ ತಿಂಗಳದಾಗ ಹೊರಗ ಬರ್ತೈತಿ!”

ಹೊರಗೆ ಬರುತ್ತದೆ ಅಂದದ್ದು ಜಂಗಿಗೆ. ಪಕ್ಕದಲ್ಲಿದ್ದ ಕರಿಕೋಟಿನ ವಕೀಲರು ಸ್ವಲ್ಪ ಸರಿದು ಕುಳಿತರು.

“ಸಾಹೇಬ್ರ, ಯಾವ ಪೊಲೀಸ್ ಸ್ಟೇಷನ್ ನಿಮ್ದು?”

“ಸ್ಟೇಷನ್ ಅಲ್ರಿ, ಇಳಕಲ್ಲಾಗ ಅಂಗಡಿ ಐತಿ.”

“ಅಂಗಡ್ಯಾಗ ಕುಂತು ಸಾವಿನ ಕೇಸ್ ಹಾಕ್ತೀರೇನ್ರಿ? ಹಾಕಿದ್ರೂ ಈಗ ನಿಲ್ಲೂದಿಲ್ಲ, ಹೊಸಾ ಕಾಯ್ದೆದಾಗ ಮುನ್ನೂರಾ ನಾಲ್ಕನೇ ಕಲಂನ ನಂಬರ್ ಬದಲಾಗೈತಿ.”

“ನಮ್ಮ ಸ್ಟೀಲಿಂದು ಬದಲಾಗಿಲ್ರಿ,” ಅಂದೆ. “ನಿಮ್ಮಲ್ಲಿ ಜಾಮೀನು, ನಮ್ಮಲ್ಲಿ ಗ್ಯಾರಂಟಿ.”

ತಾಟು

ಇದು ಮಾತ್ರ ನನ್ನ ಬೆವರಿಳಿಸಿತು, ಯಾಕೆಂದರೆ ಈ ಸಲ ಮಾತಿನ ಜೊತೆ ಮಗಳ ಮದುವೆಯೂ ತೂಗಾಡುತ್ತಿತ್ತು. ಹುಡುಗ ಕಲಾದಗಿಯವನು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಎರಡೂ ಮನೆಯವರು ಒಪ್ಪಿದ್ದರು. ಹುಡುಗನ ಅಜ್ಜ ಹೂಂ ಅನ್ನುವುದೊಂದೇ ಬಾಕಿ. ಅಜ್ಜ ಎಂಥವರೆಂದರೆ, ಯಾರು ಏನು ಹೇಳಿದರೂ “ಖರೆ ಏನ?” ಎಂದು ಕೇಳಿಯೇ ಮುಂದಿನ ಮಾತು.

ಅಜ್ಜ ಮನೆಯವರೊಂದಿಗೆ ಬಂದರು, ನಾವು ಕೊಟ್ಟ ಅವಲಕ್ಕಿ ತಿಂದರು, ತಾಟು ಖಾಲಿ ಮಾಡಿದರು. ಆಮೇಲೆ ಅಂಗಿಯ ಕಿಸೆಯಿಂದ ಸಣ್ಣದೊಂದು ಅಯಸ್ಕಾಂತ ತೆಗೆದರು.

“ಮುನ್ನೂರಾ ನಾಲ್ಕರ ತಾಟಿಗೆ ಇದು ಹತ್ತೂದಿಲ್ಲ. ಖರೆ ಏನ?”

“ಖರೆ ರೀ,” ಅಂದೆ ಧೈರ್ಯವಾಗಿ.

ಟಕ್ ಅಂತ ಅಂಟಿತು. ಅಜ್ಜ ತಾಟನ್ನು ಬೋರಲು ಮಾಡಿ ಅಲ್ಲಾಡಿಸಿದರು. ಅಯಸ್ಕಾಂತ ಬೀಳಲಿಲ್ಲ, ನನ್ನ ಮುಖ ಬಿತ್ತು.

“ಮಂದಿಗಿ ಒಂದು ಮಾಲು, ಮನ್ಯಾಗ ಒಂದು ಮಾಲು. ಇಂಥಾ ಮಾತಿನವ್ರ ಕೂಡ ನಾವು ಬೀಗತನ ಮಾಡೂದ?” ಎಂದು ಕೋಲು ಊರಿ ಎದ್ದೇಬಿಟ್ಟರು. ನನಗೆ ಅಳು ಬರುವುದೊಂದು ಬಾಕಿ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು, “ಅಜ್ಜಾರ, ತಾಟಿನ ತಳದಾಗ ಹೆಸರು ಐತ್ರಿ, ಓದ್ರಿ,” ಅಂದಳು.

ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸದೆ ಯಾರೂ ಕೈಬಿಡುವುದಿಲ್ಲ. ಅಜ್ಜ ಕನ್ನಡಕ ಏರಿಸಿ ಓದಿದರು. ಅವರದೇ ಹೆಸರು, ಅವರದೇ ಊರು.

“ಹ್ವಾದ ತಿಂಗಳ ನೀವು ಚಿಕ್ಕು ಕಳಿಸಿದ್ರೆಲ್ಲ, ಆ ತಾಟ್ರಿ. ಖಾಲಿ ತಾಟು ಹೊಳ್ಳಿ ಕೊಡಬಾರದಂತ ಅವ್ವ ಅದರಾಗ ಅವಲಕ್ಕಿ ಹಾಕ್ಯಾಳ್ರಿ.”

ನನಗೆ ಹೋದ ಜೀವ ಬಂತು. ಅಜ್ಜ ಮೆಲ್ಲಗೆ ಕುಳಿತರು. ಅಯಸ್ಕಾಂತವನ್ನು ಕಿತ್ತು ಕಿಸೆಗೆ ಹಾಕಿಕೊಂಡರು, ತಾಟನ್ನು ಬಗಲಿಗೆ ಸೇರಿಸಿದರು. ಮಗನ ಕಡೆ ತಿರುಗಿ ಹೇಳಿದರು:

“ಲಗ್ನಾ ಗಟ್ಟಿ ಮಾಡ್ರಪಾ. ಹ್ವಾದ ವರ್ಷ ನಮ್ಮ ಮನಿ ಗೃಹಪ್ರವೇಶಕ್ಕ ಇಂಥಾವ ತಾಟು ‘ಒರಿಜಿನಲ್ ಮುನ್ನೂರಾ ನಾಲ್ಕು’ ಅಂತ ಹೇಳಿ ಊರಿಗೆಲ್ಲ ಹಂಚೇನಿ. ಈ ಹುಡುಗಿ ಬ್ಯಾರೆಯವ್ರ ಮನಿಗಿ ಹ್ವಾದ್ರ ನನ್ನ ಮರ್ಯಾದಿ ಉಳಿಯೂದಿಲ್ಲ!”