ಏಳು ಮನೆಯ ಮರಿಗೆ ಲಸಿಕೆ

ಬೆಕ್ಕಿನ ಮರಿಗೆ ಎರಡು ತಿಂಗಳು ತುಂಬಿದ ಕೂಡಲೇ ಮೊದಲ ಲಸಿಕೆ ಹಾಕಿಸತಕ್ಕದ್ದು ಎಂದು 1998ರಲ್ಲಿ ನಮ್ಮೂರಿನ ಪಶು ಚಿಕಿತ್ಸಾಲಯದ ಗೋಡೆಯ ಮೇಲೆ ಬರೆಸಲಾಯಿತು. ನಮ್ಮೂರು ಸಂಪಗಾಂವ ಮತ್ತು ನೇಸರಗಿಗಳ ನಡುವೆ ಇದೆ. ಪೇಂಟರನಿಗೆ ಎತ್ತು ಎಮ್ಮೆ ಬರೆದು ರೂಢಿಯಾಗಿದ್ದರಿಂದ ಪಕ್ಕದ ಚಿತ್ರದ ಬೆಕ್ಕಿಗೂ ಆಕಳ ಮುಖವೇ ಬಂದಿತು. ಇದರಿಂದ ಇಲಾಖೆಗೆ ಯಾವ ತೊಂದರೆಯೂ ಆಗಿಲ್ಲ.

ಗೋಡೆಯ ಬರಹವನ್ನು ನಂಬಿದ ಮೊದಲ ಪ್ರಜೆ ರಾಚವ್ವ. ಹಿಂದಿನ ವರ್ಷ ಅವಳ ಬೆಕ್ಕಿನ ಮರಿಗಳೆಲ್ಲ ವಾಂತಿ ಹತ್ತಿ ಒಂದೇ ವಾರದಲ್ಲಿ ಸತ್ತಿದ್ದವು. ಈ ಸಲ ಹುಟ್ಟಿದ್ದು ಒಂದೇ ಹೆಣ್ಣು ಮರಿ, ಬಾಲದ ತುದಿ ಮಾತ್ರ ಕಪ್ಪು. ಇದಾದರೂ ಉಳಿಯಲಿ ಎಂದು ಅದು ಕಣ್ಣು ಬಿಡುವ ಮೊದಲೇ ಅರ್ಜಿ ಕೊಟ್ಟಳು. ಮರಿ ಅರ್ಜಿದಾರರ ಮನೆಯಲ್ಲಿಯೇ ವಾಸವಾಗಿರುವುದು ಖಚಿತವಾದರೆ ಸಾಕು, ತಾಲೂಕಿನಿಂದ ಲಸಿಕೆ ತರಿಸಲಾಗುವುದು ಎಂದು ಗುಮಾಸ್ತ ಮಲಕಾಜಪ್ಪನವರು ತಿಳಿಸಿದರು.

ಅವರು ಪರಿಶೀಲನೆಗೆ ಬಂದ ದಿನ ಮರಿ ಮನೆಯಲ್ಲಿರಲಿಲ್ಲ. ಹಡೆದ ಬೆಕ್ಕು ಮರಿಯನ್ನು ಏಳು ಮನೆ ತಿರುಗಿಸುತ್ತದೆ ಎಂಬುದು ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು. ತಾಯಿ ಅದನ್ನು ಕಚ್ಚಿಕೊಂಡು ನೆರೆಮನೆಯ ಸೋಮಪ್ಪನ ಅಟ್ಟ ಸೇರಿತ್ತು. ಇದನ್ನು ವಾಸಸ್ಥಳದ ಬದಲಾವಣೆ ಎಂದು ಪರಿಗಣಿಸಲಾಯಿತು. ಸೋಮಪ್ಪ ಹೊಸ ಅರ್ಜಿ ಕೊಟ್ಟ, ರಾಚವ್ವ ತನ್ನ ತಕರಾರಿಲ್ಲವೆಂದು ಹೆಬ್ಬೆಟ್ಟು ಒತ್ತಿದಳು. ಮತ್ತೆ ಪರಿಶೀಲನೆಗೆ ಬರುವಷ್ಟರಲ್ಲಿ ಮರಿ ಬಸಯ್ಯನವರ ಜೋಳದ ಚೀಲಗಳ ಹಿಂದೆ ಇತ್ತು.

"ಬೆಕ್ಕು ನಮ್ಮದಲ್ರೀ. ಇಲಿ ಅಷ್ಟ ನಮ್ಮವು," ಎಂದರು ಬಸಯ್ಯನವರು. ಇಲಿಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸುವಂತೆ ಅವರಿಗೆ ಸೂಚಿಸಲಾಯಿತು.

ರಾಚವ್ವನಿಗೆ ಸಿಟ್ಟು ನೆತ್ತಿಗೇರಿತು. ಮರಿಯನ್ನು ತಂದು ಬುಟ್ಟಿ ಕವಚಿ ಇಟ್ಟಳು. ಆದರೆ ಬುಟ್ಟಿಯ ಕೆಳಗಿನ ಮರಿ ಬಂಧನದಲ್ಲಿದೆ, ಬಂಧನವನ್ನು ವಾಸವೆಂದು ಒಪ್ಪಲಾಗದು ಎಂದು ತೀರ್ಮಾನವಾಯಿತು.

"ಇದರವ್ವಗ ಹಾಲ ಹಾಕಾಕಿ ನಾನ. ಅದು ಮಲಗೂದು ನನ್ನ ಕೌದಿಯೊಳಗ. ಮರಿ ನಂದಲ್ಲಂದ್ರ ಮತ್ಯಾರದ್ರೀ?"

"ನಿಮ್ದ ಐತಿ ಯವ್ವಾ," ಎಂದರು ಮಲಕಾಜಪ್ಪನವರು, ನಿಜವಾಗಿಯೂ ಮರುಗಿ. "ಆದ್ರ ಅದಕ್ಕ ನಿಮ್ಮ ಮನ್ಯಾಗ ಕುಂದ್ರಾಕ ಹೇಳ್ರಿ."

ಹೀಗೆ ಅರ್ಜಿಯೂ ಏಳು ಮನೆ ತಿರುಗಿತು. ಮರಿ ತಾನಾಗಿಯೇ ರಾಚವ್ವನ ಮನೆಗೆ ಮರಳಿತು, ಅರ್ಜಿ ತಾಲೂಕಿಗೆ ಹೋಗಿ ಕುಳಿತಿತು. ಮರುವರ್ಷ ಮಂಜೂರಾತಿ ಬಂತು: ಎರಡು ತಿಂಗಳ ಹೆಣ್ಣು ಮರಿ, ಒಂದು, ಬಾಲದ ತುದಿ ಕಪ್ಪು.

ಡಾಕ್ಟರು ಥರ್ಮಾಸಿನಲ್ಲಿ ಐಸ್ ಇಟ್ಟು ಲಸಿಕೆ ತಂದರು. ಎದುರಿಗೆ ಕುಳಿತಿದ್ದದ್ದು ಅದೇ ಮರಿ, ಈಗ ಪೂರ್ತಿ ಬೆಳೆದ ಬೆಕ್ಕು. ಮಂಜೂರಾದದ್ದು ಮರಿಗೆ ಎಂದು ಅವರು ಥರ್ಮಾಸು ಮುಚ್ಚತೊಡಗಿದರು. ಅಷ್ಟರಲ್ಲಿ ಕೌದಿಯ ಸಂದಿಯಿಂದ ಆ ಬೆಕ್ಕಿನದೇ ಮರಿಯೊಂದು ಹೊರಗೆ ಬಂತು. ಹೆಣ್ಣು, ಎರಡು ತಿಂಗಳು, ಬಾಲದ ತುದಿ ಕಪ್ಪು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮರಿಗೆ ಸೂಜಿ ಹಾಕಲಾಯಿತು.

"ಇದರವ್ವಗ ಯಾವಾಗ್ರೀ?" ಎಂದು ರಾಚವ್ವ ಕೇಳಿದಳು.

"ಈಗ ಹಾಕಿದ್ದ ಅವ್ವಗ," ಎಂದರು ಮಲಕಾಜಪ್ಪನವರು. "ಈ ಮರೀದು ಅರ್ಜಿನ ಬಂದಿಲ್ಲಲ್ಲ."

ಅಂದಿನಿಂದ ನಮ್ಮೂರಿನಲ್ಲಿ ಮರಿ ಹುಟ್ಟಿದೊಡನೆ ಅದರ ಹೆಸರಿನಲ್ಲಿ ಅರ್ಜಿ ಹಾಕುವ ಪದ್ಧತಿ ಬಂದಿದೆ. ಲಸಿಕೆ ಬರುವ ಹೊತ್ತಿಗೆ ಅದರ ಮರಿಗೆ ಸರಿಯಾಗಿ ಎರಡು ತಿಂಗಳು ತುಂಬಿರುತ್ತದೆ. ಸಕಾಲಕ್ಕೆ ಲಸಿಕೆ ಹಾಕುವ ಊರೆಂದು ಗೋಡೆಯ ಮೇಲೆ ಹೊಸದಾಗಿ ಬರೆಸಲಾಗಿದೆ.

ರಾಚವ್ವ ಮಾತ್ರ ದೊಡ್ಡ ಬೆಕ್ಕನ್ನು ಹೊಸ್ತಿಲು ದಾಟಗೊಡುವುದಿಲ್ಲ. ಸೂಜಿ ಬಿದ್ದ ಬೆಕ್ಕಿಗೆ ರೋಗ ಬಂದರೆ ಅದು ನಿಯಮಬಾಹಿರ ಎಂದು ಮಲಕಾಜಪ್ಪನವರು ಧೈರ್ಯ ಹೇಳಿ ಹೋಗಿದ್ದಾರೆ. ಅವಳು ಅದನ್ನು ಉಡಿಯಲ್ಲಿ ಕೂಡಿಸಿಕೊಂಡು, ತಲೆ ಸವರುತ್ತ, ಆ ಮಾತನ್ನು ಅದಕ್ಕೂ ತಿಳಿಸಿದ್ದಾಳೆ.