ಹದಿನಾಲ್ಕು ಚೀಲ, ರಿವಿಷನ್ ಸೊನ್ನೆ

ಈ ಸಲ ಮೋಕ್ಷಾಳ ಹುಟ್ಟುಹಬ್ಬದ ರಿಟರ್ನ್ ಗಿಫ್ಟಿನ ವಿಷಯದಲ್ಲಿ ಇಡೀ ಕತಾರಿನಲ್ಲಿ ಯಾವ ತಾಯಿಯೂ ನನ್ನ ಹತ್ತಿರ ಸುಳಿಯಬಾರದು ಎಂದು ನಾನು ಅಕ್ಟೋಬರ್ ಒಂದನೇ ತಾರೀಖಿಗೇ ನಿರ್ಧರಿಸಿಬಿಟ್ಟೆ. ನಿರ್ಧರಿಸಿದ್ದಷ್ಟೇ ಅಲ್ಲ, ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ ಗಂಡ ಯಜ್ಞೇಶ್ ತಲೆ ಎತ್ತಲಿಲ್ಲ. “ಕೂತು ಹೇಳಿದರೂ ಕೇಳ್ತದೆ ಮಾರಾಯ್ತಿ” ಎಂದರು.

ನಿಂತು ಹೇಳಲು ಕಾರಣವಿತ್ತು. ಹೋದ ವರ್ಷ ನಾನು ಬಹಳ ವಿವೇಕಿಯಾಗಿ, ಪಾರ್ಟಿಗೆ ಬಂದ ಮಕ್ಕಳಿಗೆಲ್ಲ ಎರಡೆರಡು ಪೆನ್ಸಿಲ್, ಒಂದೊಂದು ರಬ್ಬರ್ ಕೊಟ್ಟು ಕಳಿಸಿದ್ದೆ. ವಿದ್ಯೆಗಿಂತ ದೊಡ್ಡ ಉಡುಗೊರೆ ಯಾವುದು? ಮಕ್ಕಳಿಗೆ ಬೇರೆ ಅಭಿಪ್ರಾಯವಿತ್ತು. ಮರುದಿನದಿಂದ ನನ್ನ ಮಗಳ ಹೆಸರು ‘ಪೆನ್ಸಿಲ್ ಮೋಕ್ಷಾ’ ಎಂದಾಯಿತು. ಆ ಪೆನ್ಸಿಲುಗಳೆಲ್ಲ ಸವೆದು ಕಸದ ಬುಟ್ಟಿ ಸೇರಿದವು. ಹೆಸರು ಮಾತ್ರ ಸವೆಯಲಿಲ್ಲ. ಆರು ತುಂಬಲಿರುವ ಹುಡುಗಿ ಒಂದು ಸಂಜೆ ನನ್ನ ಮಡಿಲಿಗೆ ಮುಖ ಒತ್ತಿ, “ಅಮ್ಮ, ಈ ಬರ್ತ್‌ಡೇಗೆ ನನ್ನ ನೇಮ್ ಚೇಂಜ್ ಆಗ್ತದಾ?” ಎಂದು ಕೇಳಿದಳು. ಆಗ್ತದೆ ಎಂದು ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳುವ ಯೋಗ್ಯತೆಯೂ ನನಗಿತ್ತು. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡ ಕಟ್ಟುವ ಕಂಪನಿಯಲ್ಲಿ ನಕ್ಷೆಗಳಿಗೆ ನಂಬರು ಹಾಕಿ, ಸರಿಯಾದವರ ಕೈಗೆ ಸರಿಯಾದ ಪ್ರತಿ ಮುಟ್ಟಿಸುವವಳು. ಮೊದಲ ನಕ್ಷೆ ‘ರಿವಿಷನ್ ಸೊನ್ನೆ’. ತಿದ್ದಿದರೆ ‘ರಿವಿಷನ್ ಒಂದು’. ತಿದ್ದಿದ ಗಳಿಗೆಯಲ್ಲೇ ಹಳೆಯ ಪ್ರತಿಯನ್ನು ಹುಡುಕಿ ಹಿಡಿದು ಅದರ ಮೇಲೆ ಕೆಂಪು ಶಾಯಿಯಲ್ಲಿ ‘ರದ್ದು’ ಮುದ್ರೆ ಒತ್ತಬೇಕು. ಒತ್ತದಿದ್ದರೆ ಯಾರೋ ಎಂಜಿನಿಯರು ಹಳೆಯದನ್ನೇ ಹಿಡಿದುಕೊಂಡು ಹೋಗಿ ಬಾಗಿಲಿರಬೇಕಾದಲ್ಲಿ ಗೋಡೆ ಎಬ್ಬಿಸುತ್ತಾನೆ. ಎಂಟು ವರ್ಷಗಳಲ್ಲಿ ನನ್ನ ದೆಸೆಯಿಂದ ಒಂದು ಗೋಡೆಯೂ ತಪ್ಪು ಜಾಗದಲ್ಲಿ ಎದ್ದಿಲ್ಲ. ಅಂಥವಳಿಗೆ ಹದಿನಾಲ್ಕು ಮಕ್ಕಳ ಹದಿನಾಲ್ಕು ಚೀಲ ಯಾವ ಲೆಕ್ಕ!

ಆಯ್ಕೆಯನ್ನು ಮಗಳಿಗೇ ಬಿಟ್ಟೆ. ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರ ಬಂದಿದ್ದರಿಂದ ದೋಹಾ ಅಲ್ ಜದೀದಾದ ಆಟಿಕೆ ಅಂಗಡಿಯ ಹಿಂದಿನ ಸಾಲಿನಲ್ಲಿ, ಸ್ವಲ್ಪ ಸಂಕೋಚದಿಂದಲೆಂಬಂತೆ, ಅದರ ಸಾಮಾನು ಜೋಡಿಸಿಟ್ಟಿದ್ದರು. ಮೋಕ್ಷಾ ಅಲ್ಲಿಗೇ ಓಡಿದಳು. ಅವಳು ಆರಿಸಿದ್ದು ಕಪ್ಪು ಬಟ್ಟೆಯ ಚೀಲ. ಅದರ ಮೇಲೆ ಬಾಯಿ ಬಿಟ್ಟು ನಗುವ ಕಿತ್ತಳೆ ಬಣ್ಣದ ಕುಂಬಳಕಾಯಿ. ಒಳಗೆ ತುಂಬಿಸಲು ಕತ್ತಲಲ್ಲಿ ಹೊಳೆಯುವ ಜೇಡ, ಉದ್ದ ಕೋರೆಗಳ ರಬ್ಬರ್ ಹಲ್ಲುಸೆಟ್ಟು, ಊದಿದರೆ ಕಿರುಚುವ ಪೀಪಿ ಮತ್ತು ಕಣ್ಣುಗುಡ್ಡೆಯ ಆಕಾರದ ಚಾಕಲೇಟು. ಇದನ್ನು ಪಡೆದ ಮಕ್ಕಳು ಪೆನ್ಸಿಲ್ ಎಂಬ ವಸ್ತುವನ್ನೇ ಮರೆಯುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ಚೀಲಗಳು ಮೂವತ್ತರ ಕಟ್ಟಿನಲ್ಲಿ ಮಾತ್ರ ಸಿಗುತ್ತಿದ್ದವು. ಉಳಿದವನ್ನು ಏನು ಮಾಡುವುದು? ಇಲ್ಲಿ ನನ್ನ ಬುದ್ಧಿ ಮಿಂಚಿತು. ಕಾರ್ಕಳದಲ್ಲಿ ಯಜ್ಞೇಶರ ತಮ್ಮ ಕಟ್ಟಿಸಿದ ಹೊಸ ಮನೆಯ ಒಕ್ಕಲು ಅದೇ ವಾರ ಇತ್ತು. ಕತಾರಿನ ಸೊಸೆಯಿಂದ ಏನಾದರೂ ಬರಲೇಬೇಕಾದ ಹಿರಿಯರ ಪಟ್ಟಿಯನ್ನು ಅತ್ತೆ ಆಗಲೇ ಕಳಿಸಿದ್ದರು. ಅವರೂ ಹದಿನಾಲ್ಕು ಮಂದಿ! ಇಲ್ಲಿಯ ಮೆಸಯೀದಿನ ಕಾರ್ಖಾನೆಯಲ್ಲಿ ದುಡಿಯುವ, ಯಜ್ಞೇಶರ ಸ್ನೇಹಿತ ಅಕ್ಷಯ್ ಗುರುವಾರ ಊರಿಗೆ ಹೊರಟಿದ್ದ; ತನ್ನ ಲಗೇಜಿನಲ್ಲಿ ಹತ್ತು ಕಿಲೋ ನಮಗೆ ಬಿಟ್ಟುಕೊಟ್ಟಿದ್ದ. ತಲೆಗೊಂದು ಚೀಲದಂತೆ ನೋವಿನ ಬಾಮ್, ಪೌಡರ್ ಡಬ್ಬಿ, ಖರ್ಜೂರ, ಸಣ್ಣದೊಂದು ಟಾರ್ಚು ತುಂಬಿಸಿದೆ. ನಾಲ್ಕನೇ ನಂಬರಿನ ಕುಸುಮಕ್ಕನಿಗೆ ಮೊಣಕಾಲಿನ ಪಟ್ಟಿ, ಏಳನೇ ನಂಬರಿನ ದುಗ್ಗಜ್ಜನಿಗೆ ಹಲ್ಲುಸೆಟ್ಟು ತೊಳೆಯುವ ಮಾತ್ರೆ ವಿಶೇಷ. ಹಿರಿಯರಿಗೆ ಕುಂಬಳಕಾಯಿಯ ಅಟ್ಟಹಾಸ ಬೇಡವೆಂದು ಚೀಲಗಳನ್ನು ಒಳಹೊರಗು ಮಾಡಿದೆ. ಹೊರಗೆ ಶುದ್ಧ ಕಪ್ಪು, ನಗು ಒಳಗೆ.

ಕಪಾಟಿನ ಕೆಳಗಿನ ಅರೆಯಲ್ಲಿ ಮಕ್ಕಳ ಚೀಲ, ಮೇಲಿನ ಅರೆಯಲ್ಲಿ ಊರಿನ ಚೀಲ. ಬಾಗಿಲಿಗೆ ಚೀಟಿ ಅಂಟಿಸಿದೆ: ‘ಕೆಳಗೆ ಪಾರ್ಟಿ, 1ರಿಂದ 14. ಮೇಲೆ ಊರು, 1ರಿಂದ 14. ರಿವಿಷನ್ ಸೊನ್ನೆ.’ ಕೆಳಗೆ ನನ್ನ ಸಹಿ.

ಆಮೇಲೆ ಹೆಮ್ಮೆ ತಡೆಯಲಾರದೆ ಕುಂಬಳಕಾಯಿಯ ಫೋಟೋವನ್ನು ನಾಲ್ಕು ಕಡೆ ಕಳಿಸಿದೆ. ಮೊದಲು ಬಂದವಳು ಕೆಳಗಿನ ಮಹಡಿಯ ರೋಶ್ನಿ, ಮೋಕ್ಷಾಳ ಗೆಳತಿ ಆಶ್ಲಿಯ ತಾಯಿ. ಬಹಳ ನಯವಾಗಿ, ತಮ್ಮ ಚರ್ಚಿನ ಫಾದರ್ ಹ್ಯಾಲೋವೀನ್ ಬೇಡ ಎಂದಿದ್ದಾರೆ ಎಂದು ತಿಳಿಸಿದಳು. ಎದುರು ಮನೆಯ ಆಯಿಷಮ್ಮ, ಮೊಮ್ಮಗನನ್ನು ಪಾರ್ಟಿಗೆ ಕಳಿಸುವವರು, ತಮ್ಮಲ್ಲಿಯೂ ಅದು ಇಲ್ಲ ಎಂದರು. ಅಷ್ಟರಲ್ಲಿ ಕಾರ್ಕಳದಿಂದ ಅತ್ತೆಯ ಫೋನು: “ಮಗುವಿನ ಹುಟ್ಟಿದ ದಿನಕ್ಕೆ ಅದೆಂಥ ಪ್ರೇತದ ಮುಖ ಭವ್ಯಾ?” ಮೂರು ಧರ್ಮಗಳು ಒಂದೇ ಮಧ್ಯಾಹ್ನ ಒಮ್ಮತಕ್ಕೆ ಬಂದದ್ದನ್ನು ಕಂಡು ನಾನು ಬೆರಗಾದೆ. ಅಂಥ ಐಕ್ಯವನ್ನು ಮುರಿಯುವ ಪಾಪ ನನಗೇಕೆ? ಮಕ್ಕಳ ಚೀಲಗಳನ್ನೂ ಬರಿದು ಮಾಡಿ, ಒಳಹೊರಗು ಮಾಡಿ, ಮತ್ತೆ ತುಂಬಿಸಿದೆ.

“ಪಂಪ್ಕಿನ್‌ಗೆ ಉಸಿರು ಕಟ್ತದೆ ಅಮ್ಮ” ಎಂದು ಮೋಕ್ಷಾ ಕಣ್ಣು ತುಂಬಿಕೊಂಡಳು.

“ಇಲ್ಲ ಪುಟ್ಟಾ, ಒಳಗೆ ಕೂತು ನಗ್ತಾ ಇರ್ತದೆ.”

ಅವಳಿಗೆ ಅನುಮಾನ ಹೋಗಲಿಲ್ಲ. ದಿನವೂ ಕೆಳಗಿನ ಅರೆ ತೆರೆದು ಕುಂಬಳಕಾಯಿಗಳನ್ನು ವಿಚಾರಿಸಿಕೊಳ್ಳತೊಡಗಿದಳು. ಹೋಗುವಾಗ ಒಂದೆರಡು ಜೇಡಗಳನ್ನೂ ಮಲಗಿಸಲು ಕರೆದೊಯ್ಯುತ್ತಿದ್ದಳು. ಬುಧವಾರ ಅಕ್ಕಿಯ ಡಬ್ಬಿಗೆ ಕೈ ಹಾಕಿದರೆ ಕೋರೆಹಲ್ಲು ಸಿಕ್ಕಿತು. ಆ ಕ್ಷಣವೇ ನಾನು ಮಕ್ಕಳ ಚೀಲಗಳನ್ನು ಅವಳ ಕೈಗೆಟುಕದ ಮೇಲಿನ ಅರೆಗೂ ಊರಿನವನ್ನು ಕೆಳಕ್ಕೂ ವರ್ಗಾಯಿಸಿ, ಮೊಬೈಲಿನಲ್ಲಿ ಶಿಸ್ತಾಗಿ ‘ರಿವಿಷನ್ ಒಂದು’ ಎಂದು ಬರೆದುಕೊಂಡೆ. ನನ್ನ ಶಿಸ್ತಿಗೆ ನಾನೇ ತಲೆದೂಗಿದೆ.

ಗುರುವಾರ ಅಕ್ಷಯ್ ಹೇಳಿದ್ದಕ್ಕಿಂತ ಮೂರು ಗಂಟೆ ಮೊದಲೇ ಬಂದುಬಿಟ್ಟ. ನಾನು ಆಫೀಸಿನಲ್ಲಿದ್ದೆ. ಯಜ್ಞೇಶ್ ಫೋನು ಮಾಡಿದಾಗ, “ಎಲ್ಲ ಬರೆದು ಇಟ್ಟಿದ್ದೇನೆ. ಓದಿ ತುಂಬಿಸಿದರೆ ಸಾಕು, ನಿಮ್ಮ ತಲೆ ಉಪಯೋಗಿಸಬೇಡಿ” ಎಂದೆ. ಅವರು ಉಪಯೋಗಿಸಲಿಲ್ಲ. ಕಾರ್ಟನ್ ಕಟ್ಟುವುದರಲ್ಲಿ ಅವರು ಪಳಗಿದ ಕೈ. ಟೇಪು ಸುತ್ತಿ, ಹಗ್ಗ ಬಿಗಿದು, ನಾಲ್ಕೂ ಮೈಗೆ ಹೆಸರು ಬರೆದು ಕೊಟ್ಟರು. ಸಂಜೆ ಹೊತ್ತಿಗೆ ಅದು ವಿಮಾನ ಹತ್ತಿತು.

ಶುಕ್ರವಾರ ನಮ್ಮ ಅಲ್ ಮನ್ಸೂರಾದ ಫ್ಲಾಟಿನಲ್ಲಿ ಹದಿನಾಲ್ಕು ಮಕ್ಕಳು ಕೇಕು ತಿಂದು, ಸೋಫಾದ ಮೇಲೆ ಕುಣಿದು, ಕೊನೆಗೆ ಬಾಗಿಲ ಬಳಿ ಸಾಲಾಗಿ ನಿಂತರು. ಯಜ್ಞೇಶ್ ಕಪಾಟಿನಿಂದ ತಂದಿಟ್ಟ ಚೀಲಗಳನ್ನು ಮೋಕ್ಷಾ ರಾಣಿಯ ಗತ್ತಿನಲ್ಲಿ ಒಂದೊಂದಾಗಿ ಹಂಚಿದಳು. ಭಾರ ನೋಡಿಯೇ ಮಕ್ಕಳು ಹುಬ್ಬು ಹಾರಿಸಿದವು. ನನ್ನ ಎದೆ ಉಬ್ಬಿತು. ಮನೆಗೆ ಹೋಗಿ ತೆರೆಯಿರಿ ಎಂದು ನಾನು ಹೇಳುವ ಮೊದಲೇ ಆಶ್ಲಿ ಚೀಲವನ್ನು ನೆಲಕ್ಕೆ ಸುರಿದಳು.

ನೆಲದ ಮೇಲೆ ಮೊಣಕಾಲಿನ ಪಟ್ಟಿ ಬಿತ್ತು. ಅದರ ಪಕ್ಕಕ್ಕೆ ಬಾಮ್ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು.

ಆಶ್ಲಿ ಡಬ್ಬಿ ಎತ್ತಿ ಮೂಸಿದಳು. “ಬಾಮ್” ಎಂದಳು. ಹಿಂದಿದ್ದ ಹುಡುಗನೂ ತನ್ನದನ್ನು ತೆಗೆದು “ಬಾಮ್” ಎಂದ. ಬಾಮ್, ಬಾಮ್ ಎಂದು ಆ ಶಬ್ದ ಸಾಲಿನುದ್ದಕ್ಕೂ ಹರಿಯಿತು. ಮೋಕ್ಷಾ ನನ್ನ ಕಡೆ ತಿರುಗಿದಳು. ಅಳುತ್ತಿರಲಿಲ್ಲ, ತುಟಿ ಮಾತ್ರ ಅದುರುತ್ತಿತ್ತು. ಪೆನ್ಸಿಲ್ ಹೋಗಿ ಇನ್ನೇನು ಬರಲಿದೆ ಎಂಬುದು ನನ್ನಂತೆಯೇ ಅವಳಿಗೂ ತಿಳಿದುಹೋಗಿತ್ತು.

ದುಗ್ಗಜ್ಜನ ಮಾತ್ರೆಯನ್ನು ಒಂದು ಮಗು ಬಾಯಿಗೆ ಹಾಕುವಷ್ಟರಲ್ಲಿ ಹಾರಿ ಕಸಿದುಕೊಂಡೆ. ಅಷ್ಟರಲ್ಲಿ ಉಳಿದವು ಬಾಮ್ ತೆರೆದು ಹಣೆಗೆ ಬಳಿದುಕೊಂಡಿದ್ದವು. ಒದ್ದೆ ಟವೆಲ್ ಹಿಡಿದು ಹಣೆಯಿಂದ ಹಣೆಗೆ ಓಡಿ ಉಜ್ಜಿ, ಸಿಕ್ಕಷ್ಟು ಡಬ್ಬಿ ಸೆರಗಿಗೆ ಕಟ್ಟಿಕೊಂಡು, ಗಂಡನನ್ನು ಅಡುಗೆಮನೆಗೆ ಎಳೆದೆ.

“ಹತ್ತು ಕಿಲೋ ಹೋಗಬೇಕಿತ್ತು! ಜೇಡ ತುಂಬಿಸುವಾಗ ಭಾರವೇ ಇಲ್ಲ ಅಂತ ಗೊತ್ತಾಗಲಿಲ್ವಾ ನಿಮಗೆ?”

“ಗೊತ್ತಾಯ್ತು. ಮೂರೇ ಕಿಲೋ ಇತ್ತು.”

“ಮತ್ತೆ?”

“ನಮ್ಮ ಕಡೆಯವರಿಗಲ್ವಾ, ಹಗುರವೇ ಇರ್ತದೆ ಅಂತ ಗ್ರಹಿಸಿದೆ. ಉಳಿದ ಏಳು ಕಿಲೋಗೆ ಹಾಲಿನ ಪುಡಿ ಹಾಕಿದೆ.”

ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಈ ಮನುಷ್ಯ ಇಷ್ಟು ಶಾಂತವಾಗಿ, ಇಷ್ಟು ಆಳಕ್ಕೆ ಇರಿದದ್ದು ಇದೇ ಮೊದಲು. ನಾನು ಬಾಯಿ ತೆರೆಯುವ ಮುನ್ನ ಅವರು ನನ್ನ ಕೈ ಹಿಡಿದು ಕಪಾಟಿನ ಮುಂದೆ ನಿಲ್ಲಿಸಿದರು. ಬಾಗಿಲ ಮೇಲೆ ಚೀಟಿ. ಮೇಲೆ ಊರು. ರಿವಿಷನ್ ಸೊನ್ನೆ. ನನ್ನ ಸಹಿ.

“ಓದಿಯೇ ತುಂಬಿಸಿದ್ದು” ಎಂದರು. “ತಲೆ ಉಪಯೋಗಿಸಲಿಲ್ಲ.”

ಎಂಟು ವರ್ಷಗಳಲ್ಲಿ ನನ್ನ ಮೊದಲ ಗೋಡೆ ಎದ್ದಿತ್ತು, ನನ್ನದೇ ಮನೆಯ ನಡುವೆ.

ಆಗ ಮಕ್ಕಳಿದ್ದ ಕೋಣೆಯ ದೀಪ ಆರಿತು. ಒಂದು ಕಿರುಚಾಟ ಕೇಳಿತು. ಓಡಿ ಹೋಗಿ ನೋಡುತ್ತೇನೆ, ಕತ್ತಲಲ್ಲಿ ಹದಿನಾಲ್ಕು ಬಿಳಿ ಮುಖಗಳು ತೇಲುತ್ತಿವೆ! ಪೌಡರ್ ಡಬ್ಬಿಗಳೆಲ್ಲ ಖಾಲಿ. ಪ್ರತಿಯೊಬ್ಬರೂ ಗಲ್ಲದ ಕೆಳಗೆ ಟಾರ್ಚು ಹಿಡಿದು ಕಣ್ಣು ಮೇಲೆ ಮಾಡಿದ್ದಾರೆ. ಎಲ್ಲರ ಮುಂದೆ, ಎಲ್ಲರಿಗಿಂತ ಬಿಳಿಯಾಗಿ, ಕುಸುಮಕ್ಕನ ಮೊಣಕಾಲಿನ ಪಟ್ಟಿಯನ್ನು ಕಿರೀಟದಂತೆ ತಲೆಗೇರಿಸಿಕೊಂಡ ದೆವ್ವದ ರಾಣಿಯೊಬ್ಬಳು ನಿಂತಿದ್ದಳು. ಅದು ಮೋಕ್ಷಾ. ಆ ಪಟ್ಟಿಯನ್ನು ಆಶ್ಲಿಯೇ ತೆಗೆದು ಅವಳ ತಲೆಗಿಟ್ಟಿದ್ದಳಂತೆ.

“ಯಲ್ಲಾ!” ಎಂದು ಅರಬ್ಬಿಯಲ್ಲಿ ಹೊರಡಲು ಅಪ್ಪಣೆ ಕೊಟ್ಟಳು ರಾಣಿ. ಸೈನ್ಯ ಬಾಗಿಲು ದಾಟಿ ಮೆಟ್ಟಿಲಿಳಿಯಿತು.

ಹ್ಯಾಲೋವೀನನ್ನು ಮೂರು ಧರ್ಮಗಳ ಕಟ್ಟಪ್ಪಣೆಯಂತೆ ಒಳಹೊರಗು ಮಾಡಿಟ್ಟಿದ್ದೆ. ಅದು ಪೌಡರಿನ ಡಬ್ಬಿಯಿಂದ ಎದ್ದು ಬಂತು. ಎರಡನೇ ಮಹಡಿಯಲ್ಲಿ ಬಲ್ಬು ಬದಲಿಸುತ್ತಿದ್ದ ವಾಚ್‌ಮನ್ ಶಾಹುಲ್ ಹಮೀದ್ ಏಣಿಯಿಂದ ಒಂದೇ ಹೆಜ್ಜೆಯಲ್ಲಿ ಇಳಿದ. ಅವನ ಕೈಲಿದ್ದ ಬಲ್ಬು ಒಡೆಯಲಿಲ್ಲ ಎಂಬುದು ಆ ಸಂಜೆಯ ಏಕೈಕ ಸಮಾಧಾನ. ಮಗಳನ್ನು ಕರೆದೊಯ್ಯಲು ಬಂದ ರೋಶ್ನಿ ಮೂರು ದೆವ್ವಗಳ ಮುಖ ಒರೆಸಿದ ಮೇಲೆ ತನ್ನದನ್ನು ಗುರುತಿಸಿದಳು.

“ಭವ್ಯಾ, ಇದು ಹ್ಯಾಲೋವೀನ್ ಅಲ್ಲ ಅಲ್ವಾ?” ಎಂದು ಮೆಲ್ಲಗೆ ಕೇಳಿದಳು.

“ಅಲ್ಲ ರೋಶ್ನಿ. ಇದು ಟಾಲ್ಕಂ.”

ಆಯಿಷಮ್ಮ ಮಾತ್ರ ಏನನ್ನೂ ಕೇಳಲಿಲ್ಲ. ನನ್ನ ಸೆರಗಿನಿಂದ ಒಂದು ಬಾಮ್ ತೆಗೆದುಕೊಂಡರು. ರಾಣಿಯ ತಲೆಯಿಂದ ಕಿರೀಟವನ್ನು ಗೌರವದಿಂದ ಇಳಿಸಿ, “ಇದು ನನಗಿರಲಿ ಮಗಳೇ, ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ” ಎಂದು ನಡೆದುಬಿಟ್ಟರು.

ಮಕ್ಕಳೆಲ್ಲ ಹೋದ ಮೇಲೆ ಫೋನು ಮಿಣುಕಿತು. ಅತ್ತೆಯ ವೀಡಿಯೋ ಕರೆ. ಮನೆ ಒಕ್ಕಲಿಗೆಂದು ಸೇರಿದ ಹಿರಿಯರ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಯಜ್ಞೇಶ್ ತಾವೇ ಕರೆ ತೆಗೆದುಕೊಂಡು ಫೋನನ್ನು ನನ್ನ ಮುಂದೆ ಹಿಡಿದರು. ಪರದೆ ತುಂಬ ದುಗ್ಗಜ್ಜ, ಬಾಯಿ ತುಂಬ ಕೋರೆ. ಪಕ್ಕದಲ್ಲಿ ಕುಸುಮಕ್ಕ ಪೀಪಿ ಊದುತ್ತಿದ್ದರು. ಹೊಸ ಮನೆಯ ತೋರಣದಲ್ಲಿ ಮಾವಿನೆಲೆಗಳ ನಡುವೆ ಜೇಡಗಳು ಹಸಿರಾಗಿ ಹೊಳೆಯುತ್ತಿದ್ದವು.

“ದುಗ್ಗಣ್ಣನಿಗೆ ಹಲ್ಲು ಸರಿಯಾಗಿ ಕೂತಿದೆ ಭವ್ಯಾ” ಎಂದರು ಅತ್ತೆ. “ಎರಡು ಮಾತ್ರ ಸ್ವಲ್ಪ ಉದ್ದ ಆಯ್ತು. ಇಲ್ಲಿ ಡಾಕ್ಟ್ರ ಹತ್ತಿರ ಹೋಗಿ ಉಜ್ಜಿಸಬಹುದಾ?”

ನಾನು ಏನೋ ಗೊಣಗಿದೆ. ಅತ್ತೆ ಫೋನನ್ನು ತಿರುಗಿಸಿದರು. ಜಗಲಿಯ ಗೋಡೆಯುದ್ದಕ್ಕೂ ಹದಿನಾಲ್ಕು ಚೀಲಗಳು ಮೊಳೆಗೆ ತೂಗುತ್ತಿದ್ದವು, ಎಲ್ಲವೂ ಸರಿಯಾದ ಮಗ್ಗುಲಿಗೆ ತಿರುಗಿ. ಹದಿನಾಲ್ಕು ಕುಂಬಳಕಾಯಿಗಳು ನನ್ನನ್ನೇ ನೋಡಿ ಬಾಯ್ತುಂಬ ನಗುತ್ತಿದ್ದವು.

“ಇಷ್ಟು ಚಂದದ ನಗುಮುಖವನ್ನು ಯಾರಾದರೂ ಒಳಗೆ ಮಾಡಿ ಕಳಿಸ್ತಾರಾ ಮಗಾ?”

ಪ್ರೇತದ ಮುಖ ಎಂದದ್ದು ಯಾರು ಎಂದು ಕೇಳುವ ಧೈರ್ಯ ಆ ದಿನ ನನ್ನಲ್ಲಿ ಉಳಿದಿರಲಿಲ್ಲ.

ಭಾನುವಾರ ಮಗಳು ಶಾಲೆಯ ಬಸ್ಸು ಹತ್ತಿದ ಮೇಲೆ ಆಫೀಸಿನಲ್ಲಿ ನನಗೆ ಒಂದು ನಕ್ಷೆಯೂ ತಲೆಗೆ ಹತ್ತಲಿಲ್ಲ. ಸಂಜೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಮೋಕ್ಷಾ ಜಿಗಿದು ಇಳಿದಳು. ಬಸ್ಸಿನ ಕಿಟಕಿಗಳಿಂದ ಹತ್ತಾರು ಕೈಗಳು ಬೀಸಿದವು. ಹೋದ ವರ್ಷ ಇಡೀ ಒಂದು ಕೈಯೂ ಬೀಸಿದ್ದನ್ನು ಕಂಡಿರಲಿಲ್ಲ.

ಬ್ಯಾಗು ತೆಗೆದುಕೊಳ್ಳುತ್ತಾ, ಆದಷ್ಟು ಸಹಜವಾಗಿ ಕೇಳಿದೆ: “ಇವತ್ತು ಯಾರಾದರೂ ಪೆನ್ಸಿಲ್ ಮೋಕ್ಷಾ ಅಂದ್ರಾ?”

“ನೋ. ಯಾರೂ ಅನ್ನಲಿಲ್ಲ.”

“ಮತ್ತೆ... ಬಾಮ್ ಮೋಕ್ಷಾ?”

“ನೋ ಅಮ್ಮ, ಬರೀ ಮೋಕ್ಷಾ.” ಅವಳ ಮುಖದಲ್ಲಿ ಬೆಳಕಿತ್ತು.

ನನ್ನ ಕಣ್ಣು ಮಂಜಾಯಿತು. ಕೊಟ್ಟ ಮಾತು ಹೇಗೋ ಉಳಿದಿತ್ತು. ಎಷ್ಟಾದರೂ ಎಂಟು ವರ್ಷದ ಅನುಭವ ಎಂದು ಮನಸ್ಸು ಆಗಲೇ ತಲೆ ಎತ್ತತೊಡಗಿತ್ತು. ಅಷ್ಟರಲ್ಲಿ ಬಸ್ಸು ಹೊರಟಿತು. ಕೈ ಬೀಸುತ್ತಿದ್ದ ಮಕ್ಕಳೆಲ್ಲ ಒಂದೇ ಕಂಠದಲ್ಲಿ ಏನೋ ಕೂಗಿದವು. ಸದ್ದಿನಲ್ಲಿ ಕೇಳಿಸಲಿಲ್ಲ.

“ಏನಂತಾರೆ ಪುಟ್ಟಾ ಅವರು? ಯಾರನ್ನು ಕರೀತಿದ್ದಾರೆ?”

“ನಿನ್ನನ್ನೇ” ಎಂದಳು ಮೋಕ್ಷಾ, ಬಹಳ ಹೆಮ್ಮೆಯಿಂದ. “ಬಾಯ್ ಬಾಯ್, ಬಾಮ್ ಆಂಟಿ ಅಂತ.”