ರಕ್ತ ಕುಡಿಯುವ ಜೋಡಿ ಮತ್ತು ನಮ್ಮಕ್ಕ

ಹೋದ ಶ್ರಾವಣದಿಂದ ಕೆಲವು ತಿಂಗಳು ನಾನು ಎರಡು ಕಡೆ ವಾಸವಾಗಿದ್ದೆ. ಒಂದು, ಹೂವಿನಹಡಗಲಿಯ ನಮ್ಮ ಮನೆಯಲ್ಲಿ. ಇನ್ನೊಂದು, ನಮ್ಮಕ್ಕನ ಮೈಯೊಳಗೆ. ಇದು ನಾನು ಹೇಳುವ ಮಾತಲ್ಲ, ಅಕ್ಕ ಹೇಳುತ್ತಿದ್ದದ್ದು. ನಂಬದವರು ಬೆಳಿಗ್ಗೆ ನಮ್ಮ ಓಣಿಗೆ ಬಂದು ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಕಟ್ಟುವ ಹೆಂಗಸರನ್ನು ಕೇಳಬಹುದು. 'ಹೌದ್ರಿ, ತಮ್ಮ ಒಳಗ ಇದ್ದ, ನಾವಾ ನೋಡೀವಿ' ಎಂದು ಸಾಕ್ಷಿ ಹೇಳಲು ಅಲ್ಲಿ ಜನಕ್ಕೆ ಕಡಿಮೆ ಇಲ್ಲ.

ಅಕ್ಕ ನನಗಿಂತ ಬಹಳ ದೊಡ್ಡವಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಗ ಅವ್ವ ಇರಲಿಲ್ಲ, ನಾನು ಚಡ್ಡಿ ಹಾಕಲು ಕಲಿಯುತ್ತಿದ್ದೆ. ಹಾಗಾಗಿ ನನ್ನನ್ನು ಬೆಳೆಸಿದವಳು ಅವಳೇ. ಓದಿನಲ್ಲೂ ಅವಳೇ ಮುಂದೆ. ಅವಳು ಏಳನೆಯ ತರಗತಿಯವರೆಗೆ ಹೋದಳು. ನಾನು ಐದರಲ್ಲಿದ್ದಾಗ ನನಗೂ ಮಾಸ್ತರರಿಗೂ ಒಂದೇ ಸಲಕ್ಕೆ ಒಂದೇ ಅಭಿಪ್ರಾಯ ಬಂತು, ಇಷ್ಟು ಸಾಕು ಅಂತ. ಅಂದಿನಿಂದ ಅಕ್ಕ ಹೂ ಕಟ್ಟುತ್ತಾಳೆ, ನಾನು ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತೇನೆ.

ಹೂ ಕಟ್ಟಿಕೊಡಲು ಆಗಾಗ ರದ್ದಿ ಕಾಗದ ತರುತ್ತೇನಲ್ಲ, ಅದರಲ್ಲಿ ಒಂದು ಸಲ ಒಂದು ಕಾದಂಬರಿ ಬಂತು. ಮುಖಪುಟದಲ್ಲಿ ಕೋಟು ತೊಟ್ಟ ಒಬ್ಬ, ಉದ್ದನೆಯ ಬಿಳಿ ಅಂಗಿಯ ಒಬ್ಬಳು, ಇಬ್ಬರ ತುಟಿಯ ಅಂಚಿನಲ್ಲೂ ಒಂದೊಂದು ಹನಿ ರಕ್ತ. ಹರಿದು ಪೊಟ್ಟಣ ಮಾಡಬೇಕೆನ್ನುವಷ್ಟರಲ್ಲಿ ಅಕ್ಕ ಕಸಿದುಕೊಂಡಳು.

'ಲೇ, ಇವರು ನಮ್ಮ ಟಿವಿಯಾಗ ಬರ್ತಿದ್ದವರು.'

ನಿಜ. ಟಿವಿಯಲ್ಲಿ ಕನ್ನಡಕ್ಕೆ ಡಬ್ ಮಾಡಿದ ಒಂದು ವಿದೇಶಿ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಈ ಇಬ್ಬರು ರಕ್ತ ಕುಡಿಯುವ ಪಿಶಾಚಿಗಳು, ಖಳರು, ಪ್ರೇಮಿಗಳು. ಒಳ್ಳೆಯವನೊಬ್ಬ ಅವರನ್ನು ಬಿಸಿಲಿಗೆ ಎಳೆದು ಸುಡುವುದರೊಂದಿಗೆ ಧಾರಾವಾಹಿ ಮುಗಿದಿತ್ತು. ಊರೆಲ್ಲ ಸಂತೋಷಪಟ್ಟ ಆ ದಿನ ಅಕ್ಕ ಊಟ ಬಿಟ್ಟಿದ್ದಳು. ಈ ಪುಸ್ತಕ ಆ ಧಾರಾವಾಹಿಯ ಹೆಸರಿನಲ್ಲೇ ಬರೆಸಿದ್ದು. ಆ ಜೋಡಿ ಬಹಳ ಹಿಂದೆ, ಯಾವುದೋ ದೊಡ್ಡ ಯುದ್ಧದ ಕಾಲದಲ್ಲಿ, ಬಾಂಬು ಬೀಳುವ ಪಟ್ಟಣವೊಂದರಲ್ಲಿ ಹೇಗೆ ಬಾಳಿತು ಎಂಬ ಕಥೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಅವನು ಗಾಯಾಳುಗಳನ್ನು ಹೊತ್ತು ತರುವವನು. ಅವನು ತರುವುದು, ಅವಳು ಮಲಗಿಸುವುದು, ಆಮೇಲೆ ಇಬ್ಬರೂ ಊಟಕ್ಕೆ ಕೂರುವುದು. ಸಂಸಾರ ಎಂದರೆ ಇನ್ನು ಹೇಗಿರಬೇಕು?

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಮಲ್ಲಿಗೆ ಮೊಗ್ಗು ಅರಳುವುದರೊಳಗೆ ಕಟ್ಟಿ ಮುಗಿಸಬೇಕು. ಯಾರಾದರೂ ಒಬ್ಬರು ಹಾಡಿದರೆ, ಕಥೆ ಹೇಳಿದರೆ, ಅವರ ಕೈ ನಿಲ್ಲುತ್ತದೆ. ಅವರ ಪಾಲಿನ ಮೊಗ್ಗನ್ನು ಉಳಿದವರು ಹಂಚಿಕೊಂಡು ಕಟ್ಟುತ್ತಾರೆ. ಅಕ್ಕ ಪುಸ್ತಕ ಓದಲು ಕುಳಿತಳು. ಅವಳ ಮೊಗ್ಗು ಆರು ಜನರ ಮಡಿಲಿಗೆ ಹೋಯಿತು.

ಓದುವುದೇನು, ವಕಾಲತ್ತು ಅದು.

'ಪಾಪ ಅಂದ್ರ ಇವರಾ ಪಾಪ' ಎಂದಳು ಒಂದು ದಿನ.

ಎದುರುಮನೆಯ ನೀಲವ್ವ ದೊಡ್ಡವ್ವ ಹಲ್ಲಿನಿಂದ ದಾರ ಕತ್ತರಿಸಿದಳು. 'ಏನ್ ಪಾಪವ್ವ? ಕಂಡಕಂಡೋರ ಕುತ್ತಿಗಿಗೆ ಬಾಯಿ ಹಾಕ್ತಾವು.'

'ಅಲ್ಲಿ ಸರಕಾರದೋರು ಊರೂರಾ ಸುಡಾಕತ್ಯಾರ. ಇವು ಹೊಟ್ಟಿಗೆ ಎಷ್ಟು ಬೇಕೋ ಅಷ್ಟು ತಗೋತಾವು. ನೀ ಏನು ಹಸದಾಗ ಸುಮ್ನಿರ್ತಿ?'

'ನಾ ರೊಟ್ಟಿ ತಿಂತೀನಿ.'

'ಅವಕ್ಕ ರೊಟ್ಟಿ ಬಡಿಯೋರು ಯಾರದಾರ, ಹೇಳು ನೋಡೋಣ.'

ದೊಡ್ಡವ್ವ ಅಕ್ಕನ ಪಾಲಿನ ಇನ್ನೊಂದು ಹಿಡಿ ಮೊಗ್ಗನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಆ ಪುಸ್ತಕದಲ್ಲಿ ಅಕ್ಕನಿಗೆ ಎರಡು ಸಂಗತಿ ಬಹಳ ಹಿಡಿಸಿದವು. ಒಂದು, ಪಟ್ಟಣಕ್ಕೆ ಮುತ್ತಿಗೆ ಬಿದ್ದು ಕುಡಿಯಲು ಯಾರೂ ಸಿಗದೆ ಹೋದಾಗ ಅವನು ತನ್ನ ಮುಂಗೈಯನ್ನೇ ಅವಳ ಬಾಯಿಗೆ ಹಿಡಿಯುತ್ತಾನೆ. ಆ ಪುಟವನ್ನು ಅಕ್ಕ ಓದಿದ ದಿನ ಕಟ್ಟೆಯ ಮೇಲಿನ ಕೈಗಳೆಲ್ಲ ನಿಂತುಹೋಗಿ ಮೊಗ್ಗೆಲ್ಲ ಅರಳಿ, ನಾನು ಬುಟ್ಟಿಯಲ್ಲಿ ಹೂವಲ್ಲ, ಬರೀ ಪರಿಮಳ ಮಾರಬೇಕಾಯಿತು. ಇನ್ನೊಂದು ಸಂಗತಿ ಇದು: ಆ ಜೋಡಿ ಯಾರ ರಕ್ತ ಕುಡಿಯುತ್ತದೋ ಅವರ ಆಸೆಗಳು ಇವರಿಗೆ ಬಂದುಬಿಡುತ್ತವೆ. ಪಿಟೀಲಿನವನ ರಕ್ತ ಕುಡಿದರೆ ಬೆರಳು ಕುಣಿಯುತ್ತವೆ. ಅಡುಗೆಯವನದು ಕುಡಿದರೆ ಉಪ್ಪಿಲ್ಲದ್ದು ರುಚಿಸುವುದಿಲ್ಲ. ಎರಡನೆಯದನ್ನು ಅಕ್ಕ ವೈದ್ಯಶಾಸ್ತ್ರ ಎಂದೇ ನಂಬಿದಳು. ಅಚ್ಚಾದದ್ದು ಸುಳ್ಳಾಗುವುದಿಲ್ಲ ಎಂದು ಏಳನೆಯ ತರಗತಿಯವರೆಗೆ ಅವಳಿಗೆ ಕಲಿಸಿದ್ದರು.

ಶ್ರಾವಣದಲ್ಲಿ ಅಕ್ಕನಿಗೆ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಮೈಯಲ್ಲಿ ರಕ್ತ ಕಡಿಮೆ, ಮನೆಯವರು ಯಾರಾದರೂ ಕೊಡಬೇಕು ಎಂದರು ಡಾಕ್ಟರು. ನನ್ನ ಬೆರಳು ಚುಚ್ಚಿ ನೋಡಿ, ಹೊಂದುತ್ತದೆ ಎಂದು ಮಂಚದ ಮೇಲೆ ಮಲಗಿಸಿದರು. ಪಕ್ಕದಲ್ಲಿ ಖಾಲಿ ಚೀಲವೊಂದು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನರ್ಸಮ್ಮ ನಗುತ್ತಾ, 'ಊಟ ಆಗೈತೇನ್ರಿ?' ಎಂದಳು. ಪುಸ್ತಕದ ನರ್ಸೂ ಕಚ್ಚುವ ಮುಂಚೆ ಹೀಗೇ ಕುಶಲ ವಿಚಾರಿಸುತ್ತಿದ್ದಳು.

'ಒಂದಕ್ಕ ಹೋಗಿ ಬರ್ತೀನ್ರಿ' ಎಂದು ಎದ್ದೆ. ನಾನು ಹೋಗಿ ನಿಂತದ್ದು ಬಸ್ ಸ್ಟ್ಯಾಂಡಿನಲ್ಲಿ.

ಹಡಗಲಿ ಬಸ್ಸು ಹತ್ತಿದೆ, ಇಳಿದೆ. ಮತ್ತೆ ಹತ್ತಿದೆ. 'ಬರ್ತೀಯೋ ಇಲ್ಲೋ, ಒಂದ್ ಹೇಳಪ್ಪ' ಎಂದ ಕಂಡಕ್ಟರು. ಅವನಿಗೇನು ಹೇಳಲಿ? ಒಳಗೆ ಅಕ್ಕ ಮಲಗಿದ್ದಾಳೆ, ನಾನು ಇಲ್ಲಿ ಸೀಟು ಹಿಡಿಯುತ್ತಿದ್ದೇನೆ. ಕಡೆಗೆ ಒಂದು ಎಳನೀರು ಹಿಡಿದುಕೊಂಡು ವಾಪಸ್ಸು ಹೋದೆ. ರಕ್ತ ಕೊಡದವನು ನೀರಾದರೂ ಕೊಡಬೇಡವೇ?

ಹೋಗಿ ನೋಡಿದರೆ ಅಕ್ಕನ ತಲೆಯ ಮೇಲೆ ತುಂಬಿದ ಚೀಲ ತೂಗುತ್ತಿದೆ. ಪಕ್ಕದ ಮಂಚದ ಹೆಂಗಸಿನ ಗಂಡ, ಕೂಡ್ಲಿಗಿ ಕಡೆಯ ಕುರಿಗಾರ, ನನ್ನನ್ನು ಹುಡುಕುತ್ತಿದ್ದ ನರ್ಸಮ್ಮನನ್ನು ನೋಡಿ ತಾನೇ ಹೋಗಿ ಬೆರಳು ಚುಚ್ಚಿಸಿಕೊಂಡು, ಹೊಂದುತ್ತದೆ ಎಂದ ಮೇಲೆ ಕೊಟ್ಟುಬಿಟ್ಟಿದ್ದ. ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ಟೀ ಕುಡಿಯುತ್ತಾ ಕೂತಿದ್ದ. 'ನಿಮಗ ತಲಿ ಸುತ್ತಿತಂತಲ್ರಿ. ಆಗ್ತೈತಿ ಬಿಡ್ರಿ ಒಬ್ಬೊಬ್ಬರಿಗೆ' ಎಂದ. ಅಂದು ಸಂಜೆಯೇ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೋದ. ಅವನ ಹೆಸರನ್ನೂ ನಾನು ಕೇಳಲಿಲ್ಲ.

ಅಕ್ಕ ಕಣ್ಣು ಬಿಟ್ಟಳು. ಚೀಲ ನೋಡಿದಳು. ನನ್ನ ಬೆರಳಿಗೆ ಅಂಟಿದ್ದ ಹತ್ತಿ ನೋಡಿದಳು.

'ನಿಂದೇನಲೇ?'

'ಹ್ಞೂಂ' ಎಂದೆ.

ಇಷ್ಟು ಚಿಕ್ಕ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ಇದು ಬೆಳೆದಷ್ಟು ಯಾವುದೂ ಬೆಳೆದಿಲ್ಲ.

ಮನೆಗೆ ಬಂದ ಮೇಲೆ ಅಕ್ಕನ ಹೊಸ ಆಟ ಶುರುವಾಯಿತು. ಮೊದಲು ಮಧ್ಯಾಹ್ನದ ನಿದ್ದೆ. ಹುಟ್ಟಿದಾಗಿನಿಂದ ಹಗಲು ಮಲಗಿದವಳಲ್ಲ, ಊಟವಾದ ಕೂಡಲೆ ಚಾಪೆ ಹಾಸಿದಳು. 'ನಾ ಅಲ್ಲ, ನಿನ್ನ ರಕ್ತ ಮಲಗು ಅಂತೈತಿ' ಎಂದಳು. ಆಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಯಾವತ್ತೂ ತನ್ನ ಪಾಲಿನದನ್ನು ನನ್ನ ತಟ್ಟೆಗೆ ಹಾಕುತ್ತಿದ್ದವಳು ಈಗ ನನ್ನ ತಟ್ಟೆಯಿಂದಲೂ ಎತ್ತಿಕೊಳ್ಳತೊಡಗಿದಳು. 'ಇಬ್ಬರ ಬಾಯಿಗೂ ಹಾಕ್ಬೇಕಲ್ಲೋ, ನಾನು ಒಬ್ಬಾಕಿ, ಒಳಗ ನೀನೊಬ್ಬ.' ಬಸ್ಸಿನಲ್ಲಿ ಕಿಟಕಿಯ ಸೀಟು. ಸ್ನಾನಕ್ಕೆ ಇನ್ನೊಂದು ಕೊಡ ಬಿಸಿನೀರು. ಯಾರಾದರೂ ಹೂವಿಗೆ ಅಗ್ಗ ಕೇಳಿದರೆ ಎದ್ದು ನಿಂತು ಜಗಳ.

ನನ್ನ ಹೆಂಡತಿ ತಲೆ ಮೇಲೆ ಕೈಹೊತ್ತಳು. 'ಅಕ್ಕಾರ, ಒಬ್ಬನ್ನ ಸಂಭಾಳಿಸೋದಾ ನನಗ ಸಾಕಾಗಿತ್ತು. ಈಗ ಇಬ್ಬರಾದ್ರಿ.'

'ನನ್ನೇನ್ ಬೈತಿ? ನಿನ್ನ ಗಂಡ ಒಳಗ ಕುಂತು ಚಾ ಕೇಳಾಕತ್ಯಾನ. ಸಕ್ಕರಿ ಮುಂದ ಇರಲಿ.'

ಕೊಟ್ಟೂರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಇಂಥ ಕಡೆ ಅಕ್ಕ ಯಾವಾಗಲೂ ಕೊನೆಯ ಪಂಕ್ತಿಯಲ್ಲಿ, ಬಾಗಿಲ ಹತ್ತಿರ ಕೂರುವವಳು. ಅವತ್ತು ನೆಟ್ಟಗೆ ಹೋಗಿ ಮೊದಲನೇ ಪಂಕ್ತಿಯಲ್ಲಿ ಗಂಡಿನ ಸೋದರಮಾವನ ಪಕ್ಕ ಕೂತಳು. ಬಡಿಸುವವನನ್ನು ತಡೆದು ಇನ್ನೊಂದು ಹೋಳಿಗೆ ಕೇಳಿದಳು, ತುಪ್ಪವನ್ನೂ ಕೇಳಿದಳು. ಜನ ನೋಡಿದರು. ಅವಳು ಪಿಶಾಚಿ ಪುಸ್ತಕದಿಂದ ಹಿಡಿದು ಆಸ್ಪತ್ರೆಯವರೆಗೂ ಎಲ್ಲವನ್ನೂ ಹೇಳಿದಳು. ಕೇಳಿದವರಿಗೆಲ್ಲ ಕಣ್ಣು ತುಂಬಿ, 'ತಮ್ಮ ಅಂದ್ರ ಹಿಂಗಿರಬೇಕು ನೋಡು' ಎಂದು ನನ್ನ ಬೆನ್ನು ತಟ್ಟಿದರು. ಬೆನ್ನು ನೋಯುವಷ್ಟು ತಟ್ಟಿದರು. ಹೊಡೆದರು ಎಂದೇ ನಾನು ಲೆಕ್ಕ ಹಿಡಿದೆ.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೂ ಅಳೆಯುವಾಗ ಮೊಳ ತಪ್ಪುತ್ತಿತ್ತು. ಬುಟ್ಟಿ ಬಿಟ್ಟು ಮನೆಗೆ ಬರುತ್ತಿದ್ದೆ, ಹೇಳಿಬಿಡೋಣ ಎಂದು. ಅಕ್ಕನ ಮುಖ ನೋಡಿ ಬುಟ್ಟಿಯ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಓಣಿಯಲ್ಲಿ ಕುರಿ ಹಿಂಡೊಂದು ಹಾದುಹೋಯಿತು. ಅಕ್ಕ ಕಟ್ಟೆಯಿಂದಿಳಿದು ಬಂದು, ಸೊಂಟದ ಮೇಲೆ ಕೈ ಇಟ್ಟು, ಅದನ್ನೇ ನೋಡುತ್ತಾ ನಿಂತಳು. ಹಿಂಡು ತಿರುವು ದಾಟುವವರೆಗೂ ಅಲುಗಾಡಲಿಲ್ಲ. ಕುರಿಗಾರನ ರಕ್ತವೇ ಅವಳನ್ನು ಕಟ್ಟೆಯಿಂದ ಇಳಿಸಿತು ಎಂದುಕೊಂಡೆ ನಾನು. ಆಮೇಲೆ ತಿಳಿಯಿತು, ನೀಲವ್ವ ದೊಡ್ಡವ್ವನ ಚಪ್ಪಲಿಯನ್ನು ಕುರಿಗಳು ತುಳಿದುಕೊಂಡು ಹೋದವೋ ಎಂದು ನೋಡುತ್ತಿದ್ದಳಂತೆ.

ಹೀಗಿರುವಾಗ ನಮ್ಮ ಓಣಿಯ ಹುಡುಗರ ಸಂಘದವರು ರಕ್ತದಾನ ಶಿಬಿರ ಇಟ್ಟರು. ನಾನು ಮನೆಯಲ್ಲಿಲ್ಲದಾಗ ಬಂದು ಅಕ್ಕನನ್ನು ಕೇಳಿದ್ದಾರೆ. ಮೊದಲನೆಯ ಮಂಚ ನನ್ನದು, ಅಕ್ಕನಿಗೆ ರಕ್ತ ಕೊಟ್ಟ ಕಥೆಯನ್ನು ಮೈಕಿನಲ್ಲಿ ಹೇಳಬೇಕು, ಶಾಲು ಹೊದಿಸುತ್ತಾರೆ. ಅಕ್ಕ ಒಪ್ಪಿಕೊಂಡುಬಿಟ್ಟಿದ್ದಾಳೆ.

'ನನ್ನ ತಮ್ಮ ಹೆದರೋನಲ್ಲ, ಬರ್ಕೊಳ್ರಿ ಅಂದೆ' ಎಂದಳು, ನಾಳೆ ಶಿಬಿರ ಎನ್ನುವ ದಿನ ಬೆಳಿಗ್ಗೆ. ಉಳಿದ ಹೆಂಗಸರು ಎದ್ದು ಹೋಗಿದ್ದರು. ಅವಳೊಬ್ಬಳೇ ಕಡೆಯ ಮಾಲೆ ಕಟ್ಟುತ್ತಿದ್ದಳು. ನಾನು ಅವಳ ಎದುರು ಕೂತೆ, ಎದ್ದೆ, ಮತ್ತೆ ಕೂತೆ.

'ಏನಾಗೈತಲೇ? ಇರಿವಿ ಹತ್ತ್ಯಾವೇನು?'

'ಅಕ್ಕಾ, ಅದು ನನ್ನ ರಕ್ತ ಅಲ್ಲ.'

ಅವಳ ಕೈ ನಿಲ್ಲಲಿಲ್ಲ. ಅದೇ ನನಗೆ ಕಷ್ಟವಾಯಿತು. ನಿಲ್ಲದ ಆ ಬೆರಳುಗಳನ್ನು ನೋಡುತ್ತಲೇ ಎಲ್ಲ ಹೇಳಿದೆ. ಚೀಲ, ಬಸ್ಸು, ಎಳನೀರು, ಕುರಿಗಾರ, ಎಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಮನೆಯ ಹಿಂದೆ ಹೋಗಿ ಅತ್ತು ಹಗುರಾಗುತ್ತಿದ್ದೆ.

'ಕುರಿ ಕಾಯೋನು ಮಿರ್ಚಿ ಮಂಡಕ್ಕಿ ಅಷ್ಟು ತಿಂತಾನೇನು?' ಎಂದಳು, ದಾರ ಬಿಗಿಯುತ್ತಾ.

'ಯಾರಿಗ್ ಗೊತ್ತಕ್ಕ.'

'ಮಧ್ಯಾಹ್ನ ಮಲಗಂಗಿಲ್ಲ ಅವ. ಮಲಗಿದ್ರ ಕುರಿ ಎಲ್ಲಿರ್ತಾವು?' ಅವಳ ಬೆರಳು ಈಗ ನಿಂತವು. 'ಹಂಗಾದ್ರ ಅವೆಲ್ಲಾ ನನ್ನವಾ ಏನು?'

ಇಷ್ಟು ವರ್ಷ ಅವಳಿಗೆ ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು, ಕಿಟಕಿಯ ಹೊರಗೆ ನೋಡಬೇಕೆನಿಸುತ್ತಿತ್ತು. ತನಗೆ ಬೇಕು ಎಂದು ಕೇಳಲು ಬಾರದೆ, ತಮ್ಮನಿಗೆ ಬೇಕು ಎಂದು ಕೇಳುವ ಒಂದು ದಾರಿ ಸಿಕ್ಕಿತ್ತು. ರಕ್ತ ಕೊಡದೆ ಓಡಿದವನು ಈಗ ಅದನ್ನೂ ಕಿತ್ತುಕೊಂಡೆನಲ್ಲ.

'ನಿನ್ನವಾ ಅಕ್ಕ. ಎಲ್ಲಾ ನಿನ್ನವಾ.'

ಅವಳು ತಲೆ ಎತ್ತಲಿಲ್ಲ. 'ನಾಳೆ ಆ ಹುಡುಗರಿಗೆ ಏನ್ ಹೇಳ್ತಿ?'

'ಇದಾ ಮೊದಲ್ನೇ ಸಲ ಕೊಡಾಕ ಬಂದೀನಿ ಅಂತ ಹೇಳ್ತೀನಿ. ಮೈಕಿನ್ಯಾಗಾ ಹೇಳ್ತೀನಿ.'

'ಹ್ಞೂಂ. ಚುಚ್ಚೋವಾಗ ಮುಖ ಈ ಕಡೆ ತಿರುಗಿಸು. ನಾ ಮಗ್ಗಲದಾಗ ಕುಂತಿರ್ತೀನಿ.'

ಏಳಬೇಕೆಂದಿದ್ದೆ. ಅವಳು ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು.

'ಇನ್ನೊಂದ್ ಐತಿ. ಭಾಳ ದಿನ ಆತು. ಆದ್ರ ಅದನ್ನ ನಿನ್ನ ರಕ್ತದ ಮ್ಯಾಲೆ ಹಾಕಾಕ ಬರ್ತಿದ್ದಿಲ್ಲ. ಗಂಡಸಿಗೆ ಅಂಥಾ ಆಸಿ ಆಗ್ತೈತಿ ಅಂದ್ರ ಈ ಓಣ್ಯಾಗ ಯಾರು ನಂಬ್ತಾರ ಅಂತ ಸುಮ್ನಿದ್ದೆ.'

'ಏನದು?'

ಅಕ್ಕ ಮಡಿಲಲ್ಲಿದ್ದ ಮಾಲೆಯನ್ನು ನೋಡಿದಳು. ಆಮೇಲೆ ಕೈ ಎತ್ತಿ, ಗಂಡ ಸತ್ತ ದಿನದಿಂದ ಬರಿದಾಗಿದ್ದ ತನ್ನ ತುರುಬನ್ನು ಮುಟ್ಟಿಕೊಂಡಳು.

ಎಷ್ಟು ಸಾವಿರ ಹೆಂಗಸರಿಗೆ ಹೂ ಅಳೆದುಕೊಟ್ಟಿದ್ದೇನೋ. ಅಕ್ಕನನ್ನು ಒಂದು ದಿನವೂ ಕೇಳಿರಲಿಲ್ಲ. ಗಿರಾಕಿಯನ್ನು ಕೇಳುವ ಹಾಗೆ ಕೇಳಿದೆ.

'ಎಷ್ಟ್ ಕೊಡ್ಲಿ ಅಕ್ಕ?'

'ಜಾಸ್ತಿ ಬ್ಯಾಡೋ. ಒಂದ್ ಗೇಣು ಸಾಕು.'

ನಾನು ಮಾಲೆಯ ತುದಿಯನ್ನು ಮೊಣಕೈಗೆ ಹಿಡಿದು, ಬೆರಳ ತುದಿಯವರೆಗೆ ಒಂದು ತುಂಬು ಮೊಳ ಅಳೆದೆ. ಇನ್ನೊಂದು ಮೊಳ ಅಳೆದೆ. ಆಮೇಲೆ ಕತ್ತರಿಸಿದೆ.